ಕೊಯ್ಯದೆ ಬಿಟ್ಟ ಹುಲ್ಲು

ನಮ್ಮ ಕಣಿವೆಯಲ್ಲಿ ಅರ್ಧ ಜನ ಪ್ರೈಸ್ ಮನೆತನದವರು, ಉಳಿದರ್ಧ ಬೆವನ್‌ಗಳು. ಹೀಗಾಗಿ ಯಾರನ್ನೇ ಆಗಲಿ ಕಸುಬಿನ ಮೇಲೆ ಕರೆಯುವುದು ರೂಢಿ. ಅಂಚೆ ವ್ಯಾನು ಓಡಿಸುತ್ತಿದ್ದವಳು ನಾನು, ಹಾಗಾಗಿ ಅಂಚೆ ಮೆನ್ನ. ಎಮ್ರಿಸ್ ಪ್ರೈಸ್‌ನನ್ನು ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಕುರಿ ಎಮ್ರಿಸ್ ಎನ್ನುತ್ತಿದ್ದರು. ನಲವತ್ತು ದಾಟಿದ ಮೇಲೆ ಅವನ ಹೆಸರು ಹಕ್ಕಿ ಎಮ್ರಿಸ್ ಎಂದು ಬದಲಾಯಿತು. ಅವನ ಅಣ್ಣ ಟೂಡರ್ ಮಾತ್ರ ಆ ಹೆಸರನ್ನು ಬಾಯಲ್ಲಿ ಆಡಿದವನಲ್ಲ. ತಮ್ಮನ ಮಾತು ಬಂದರೆ ‘ಮೇಲಿನ ಮನೆಯವನು’ ಅನ್ನುತ್ತಿದ್ದ, ಅಷ್ಟೇ.

ಅವರ ಮನೆ ತಿನ್ರೋಸ್, ಕಣಿವೆಯ ತುದಿಯಲ್ಲಿದೆ. ಹಿತ್ತಲ ಕಲ್ಲುಗೋಡೆ ದಾಟಿ ಹತ್ತಿದರೆ ವೈನ್ ಗೋಖ್ ಬಯಲು. ಮೈಲುಗಟ್ಟಲೆ ಒಂದು ಮರವಿಲ್ಲ, ಕಾಲಿಟ್ಟಲ್ಲಿ ಜೌಗು, ಆಗಸ್ಟಿನಲ್ಲಿ ನೇರಳೆ ಹೂ ಬಿಡುವ ಕುರುಚಲು ಪೊದೆ. ಅವರ ಅಪ್ಪ ತೀರಿಕೊಂಡ ಮೇಲೆ ಟೂಡರ್ ಕೆಳಗಿನ ಹೊಲ ಮತ್ತು ಕರಿ ಹಸುಗಳನ್ನು ನೋಡಿಕೊಂಡ, ಎಮ್ರಿಸ್ ಮೇಲೆ ಕುರಿ ನೋಡಿಕೊಂಡ. ಅಮ್ಮ ಲೌರಿ ಆ ಮನೆಯ ಮಗಳು, ಅಪ್ಪ ಮನೆಅಳಿಯ. ಹಾಗಾಗಿ ಮಂದೆಯನ್ನು ಎಲ್ಲರೂ ಲೌರಿಯ ಕುರಿ ಎಂದೇ ಕರೆಯುತ್ತಿದ್ದರು. ಬೆಟ್ಟದ ಕುರಿಗೆ ಬೇಲಿ ಬೇಕಿಲ್ಲ. ತಾಯಿ ಮೇದ ಇಳಿಜಾರಿನಲ್ಲೇ ಮರಿ ಮೇಯುತ್ತದೆ, ಅದರ ಮರಿಯೂ ಅಲ್ಲೇ ಮೇಯುತ್ತದೆ. ಒಮ್ಮೆ ಮಾರಿದರೆ ಮುಗಿಯಿತು. ಸಂತೆಯಿಂದ ಬೇರೆ ಕುರಿ ತಂದು ಬಿಟ್ಟರೆ ನಾಳೆ ಪಕ್ಕದ ಕಣಿವೆಯಲ್ಲಿ ಹುಡುಕಬೇಕು.

ಬಯಲಿನಲ್ಲಿ ಆಗ ಹಕ್ಕಿಗಳು ಬೇಕಾದಷ್ಟಿದ್ದವು. ಟಿಟ್ಟಿಭಗಳಿದ್ದವು, ಬೆಟ್ಟದ ಕೋಳಿಗಳಿದ್ದವು. ನಮಗೆಲ್ಲ ಹೆಚ್ಚು ಗೊತ್ತಿದ್ದದ್ದು ಉದ್ದಕೊಕ್ಕು. ಮಣ್ಣುಬಣ್ಣದ ದೊಡ್ಡ ಹಕ್ಕಿ, ಕುಡುಗೋಲಿನ ಹಾಗೆ ಕೆಳಕ್ಕೆ ಬಾಗಿದ ಕೊಕ್ಕು. ಇಂಗ್ಲಿಷರು ಅದನ್ನು ಕರ್ಲ್ಯೂ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಅದರ ಹೆಸರಿಗೇ ಉದ್ದಕೊಕ್ಕು ಎಂದರ್ಥ. ಚಳಿಗಾಲವನ್ನು ಸಮುದ್ರದಂಚಿನ ಕೆಸರಿನಲ್ಲಿ ಕಳೆದು ಮಾರ್ಚಿನಲ್ಲಿ ಮೇಲೆ ಬರುತ್ತದೆ. ಬಂದ ದಿನ ಅದು ಆಕಾಶದಿಂದ ಜಾರುತ್ತಾ ಕೂಗುವುದು ಕೇಳಿದರೆ ಲೌರಿ, ಎಷ್ಟೇ ಚಳಿಯಿರಲಿ, ಅಡುಗೆಮನೆಯ ಬಾಗಿಲು ತೆರೆದಿಡುತ್ತಿದ್ದಳು.

ಬಯಲು ಒಬ್ಬ ದೊಡ್ಡ ಜಮೀನುದಾರನದು, ಅಲ್ಲಿ ಕುರಿ ಮೇಯಿಸುವ ಹಕ್ಕು ಮಾತ್ರ ತಿನ್ರೋಸ್ ಮನೆಯವರದು. ವರ್ಷಕ್ಕೊಮ್ಮೆ ಗೆಳೆಯರನ್ನು ಕರೆದುಕೊಂಡು ಬಂದು ಬೆಟ್ಟದ ಕೋಳಿ ಹೊಡೆಯುತ್ತಿದ್ದ. ಕೋಳಿ ಕಮ್ಮಿಯಾದ ಹಾಗೆ ಅವನಿಗೂ ಬೇಜಾರಾಯಿತು. ಹಕ್ಕಿ ಕಾಯುವ ಒಂದು ಸಂಘಕ್ಕೆ ಬಯಲನ್ನು ಮಾರಿಬಿಟ್ಟ. ಸಂಘದವರು ಬಂದು ನೋಡಿ, ಕುರಿ ಹೆಚ್ಚಾಗಿ ಪೊದೆ ಸವೆದಿದೆ, ಹಕ್ಕಿಗೆ ಮರೆಯಿಲ್ಲ, ಮೇಯಿಸುವ ಹಕ್ಕು ಬಿಟ್ಟುಕೊಡಿ ಎಂದು ಕೇಳಿದರು. ಲೌರಿ ಆಗಲೇ ತೀರಿಕೊಂಡಿದ್ದಳು, ಹಕ್ಕು ಅಣ್ಣತಮ್ಮ ಇಬ್ಬರಿಗೂ ಸೇರಿದ್ದು. ಎಮ್ರಿಸ್ ತನ್ನ ಪಾಲು ಬಿಟ್ಟುಕೊಟ್ಟ. ಸಂಘ ಅವನನ್ನು ಬಯಲಿನ ಕಾವಲಿಗೆ ಇಟ್ಟುಕೊಂಡು, ಮೇಲೆ ಬಯಲಿನಂಚಿನಲ್ಲಿದ್ದ ಹಳೆಯ ಕಾವಲುಮನೆಯಲ್ಲಿ ಇರಲು ಹೇಳಿತು. ಉಳಿದ ಅರ್ಧ ಹಕ್ಕಿನಲ್ಲಿ ಮಂದೆ ಸಾಕುವುದು ಆಗದ ಮಾತು. ಲೌರಿಯ ಕುರಿಗಳು ಸಂತೆಗೆ ಹೋದವು.

ಕೆಲಸದ ಆಸೆಗೆ ಮಾಡಿದ ಎಂದು ಊರು ಹೇಳಿತು. ನನಗೆ ಹಾಗನ್ನಿಸುವುದಿಲ್ಲ. ವರ್ಷ ವರ್ಷ ಹಕ್ಕಿ ಕಮ್ಮಿಯಾಗುವುದನ್ನು ಅವನು ಕುರಿಗಳ ಹಿಂದೆ ನಡೆಯುತ್ತಲೇ ಕಂಡಿದ್ದ. ಕುರಿ ಹೋದರೆ ಪೊದೆ ಬರುತ್ತದೆ, ಪೊದೆ ಬಂದರೆ ಹಕ್ಕಿ ಬರುತ್ತದೆ ಎಂದು ಅವನು ನಿಜವಾಗಿ ನಂಬಿದ್ದ.

ಕುರಿಗಳನ್ನು ಲಾರಿಗೆ ಹತ್ತಿಸಿದ ದಿನ ಅಣ್ಣತಮ್ಮಂದಿರ ನಡುವೆ ನಡೆದ ಮಾತನ್ನು ಟೂಡರ್‌ನ ಹೆಂಡತಿ ನೆಸ್ಟ್ ನನಗೆ ಹೇಳಿದ್ದಳು.

“ಅಮ್ಮನ ಕುರೀನ ಹಕ್ಕಿಗೋಸ್ಕರ ಮಾರಿಸ್ದೆಯಲ್ಲೋ,” ಅಂದನಂತೆ ಟೂಡರ್.

“ಹಕ್ಕಿ ಅಂದ್ರೆ ಅಮ್ಮಂಗೂ ಇಷ್ಟ ಇತ್ತು ಅಣ್ಣ.”

“ಅಮ್ಮಂಗೆ ಮಳೇನೂ ಇಷ್ಟ ಇತ್ತು. ಹಂಗಂತ ಮನೆ ಸೂರು ಕಿತ್ತಿರಲಿಲ್ಲ.”

ಆಮೇಲೆ ಇಬ್ಬರ ನಡುವೆ ಮಾತು ನಿಂತಿತು. ಭಾನುವಾರದ ಪ್ರಾರ್ಥನೆಗೆ ಒಂದೇ ಚಾಪೆಲ್ಲಿಗೆ ಇಬ್ಬರೂ ಹೋಗುತ್ತಿದ್ದರು. ಒಬ್ಬ ಬಲಗಡೆ ಬೆಂಚು, ಒಬ್ಬ ಎಡಗಡೆ. ಹಾಡು ಶುರುವಾದರೆ ಇಬ್ಬರ ದನಿಯೂ ಒಂದೇ, ಯಾರದು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಎಮ್ರಿಸ್ ಮದುವೆಯಾಗಿರಲಿಲ್ಲ. ಶುಕ್ರವಾರ ನೆಸ್ಟ್ ಒಣದ್ರಾಕ್ಷಿ ಬ್ರೆಡ್ಡು ಬೇಯಿಸಿ, ಬಟ್ಟೆಯಲ್ಲಿ ಸುತ್ತಿ ನನ್ನ ವ್ಯಾನಿನಲ್ಲಿಡುತ್ತಿದ್ದಳು. ನಾನು ಅದನ್ನು ಕಾವಲುಮನೆಗೆ ಮುಟ್ಟಿಸುತ್ತಿದ್ದೆ. ಒಮ್ಮೆ ಟೂಡರ್ ಎದುರಿಗೇ ಸಿಕ್ಕಿಹಾಕಿಕೊಂಡೆವು.

“ಯಾರಿಗೆ ಆ ಬ್ರೆಡ್ಡು?” ಅಂದ.

“ಚಾಪೆಲ್ಲಿಗೆ,” ಅಂದಳು ನೆಸ್ಟ್.

“ವಾರ ವಾರ ಚಾಪೆಲ್ಲಿಗೆ ಹಸಿವಾ? ದೇವರು ಸ್ವಲ್ಪ ಕಮ್ಮಿ ತಿನ್ನಲಿ ಅಂತ ಹೇಳು.” ಹಾಗಂದು ಕೊಟ್ಟಿಗೆಗೆ ಹೋದ. ಬೇಡ ಅನ್ನಲಿಲ್ಲ.

ಮೊದಲ ಕೆಲವು ವರ್ಷ ಎಮ್ರಿಸ್ ನಂಬಿದ್ದೇ ನಡೆಯಿತು. ಪೊದೆ ಚಿಗುರಿತು. ಬೆಟ್ಟದ ಕೋಳಿಗಳು ಕಾಣಿಸಿಕೊಂಡವು. ಆ ಕಾಲದಲ್ಲಿ ಅವನ ಮನೆಗೆ ಹೋದರೆ ಅಂಚೆ ತೆಗೆದುಕೊಳ್ಳುವ ಮೊದಲೇ ತಾನು ಏನು ಕಂಡೆ ಎಲ್ಲಿ ಕಂಡೆ ಎಂದು ಶುರು ಮಾಡುತ್ತಿದ್ದ. ಆಮೇಲೆ ಮೊಣಕಾಲೆತ್ತರದ ಒರಟು ಹುಲ್ಲು ಎದ್ದು ಪೊದೆಯನ್ನೇ ನುಂಗತೊಡಗಿತು. ದಿಬ್ಬದ ಆಚೆ ಸರ್ಕಾರ ನೆಟ್ಟ ಪೈನ್ ಮರಗಳು ಬೆಳೆದು, ಅದರೊಳಗೆ ನರಿ ಮತ್ತು ಕಾಗೆ ಮನೆಮಾಡಿದವು. ಸಂಘದ ಅಧಿಕಾರಿಗಳು ಒಬ್ಬರಾದ ಮೇಲೊಬ್ಬರು ಬಂದರು. ಒಬ್ಬರು ಹುಲ್ಲು ಸುಡಿಸಿದರು. ಇನ್ನೊಬ್ಬರು ಸುಡಬಾರದೆಂದು ಕೊಯ್ಯಿಸಿದರು. ಹಳೆಯ ಕಾಲುವೆಗಳಿಗೆ ಒಡ್ಡು ಹಾಕಿ ಜೌಗು ಉಳಿಸಿದರು. ಗಿಡ್ಡ ಕುದುರೆಗಳನ್ನು ತಂದು ಮೇಯಿಸಿದರು. ಎಮ್ರಿಸ್ ಎಲ್ಲವನ್ನೂ ಮಾಡಿದ, ನರಿಗಳನ್ನೂ ಹೊಡೆದ. ಆ ಅಧಿಕಾರಿಗಳು ದಡ್ಡರಲ್ಲ, ಹಕ್ಕಿಯ ಮೇಲೆ ಪ್ರೀತಿಯಿದ್ದವರೇ. ಎಮ್ರಿಸ್‌ಗೂ ಅವರಿಗಿಂತ ಹೆಚ್ಚಿನದೇನೂ ಗೊತ್ತಿರಲಿಲ್ಲ. “ಹಿಂಗ್ ಮಾಡಿದ್ರೆ ಸರಿಹೋಗ್ಬೋದು ಮೆನ್ನ,” ಅನ್ನುತ್ತಿದ್ದ ಪ್ರತಿ ಸಲವೂ. ಮೊದಲು ಟಿಟ್ಟಿಭ ಹೋಯಿತು. ಆಮೇಲೆ ಕೋಳಿ ಹೋಯಿತು. ಕೆಳಗೆ ಊರಿನಲ್ಲಿ ನಮಗೆ ಇದು ಇಷ್ಟರ ಮಟ್ಟಿಗೆ ಹೋಗಿದೆ ಎಂದು ಗೊತ್ತಾಗಲಿಲ್ಲ. ಕುರಿ ತೆಗೆದು ಹಕ್ಕಿಗೆ ಬಿಟ್ಟ ಬೆಟ್ಟ, ಹಕ್ಕಿ ತುಂಬಿಕೊಂಡಿರುತ್ತದೆ ಎಂದುಕೊಂಡಿದ್ದೆವು.

ನಾನು ಹೇಳಬೇಕೆಂದಿರುವ ಬೇಸಿಗೆಯಲ್ಲಿ ಎಮ್ರಿಸ್‌ಗೆ ಅರವತ್ತರ ಹತ್ತಿರ. ಆಗ ಹ್ಯಾರಿಯೆಟ್ ಎಂಬ ಹುಡುಗಿ ಸಂಘದ ಅಧಿಕಾರಿಯಾಗಿದ್ದಳು. ಇಂಗ್ಲೆಂಡಿನ ಪಟ್ಟಣದವಳು, ಕಾರಿನ ತುಂಬ ಕೆಸರು, ಹಿಂದಿನ ಸೀಟಿನಲ್ಲಿ ಯಾವಾಗಲೂ ಅರ್ಧ ತಿಂದ ಸೇಬು. ಎಮ್ರಿಸ್‌ನನ್ನು ‘ಪ್ರೈಸ್ ಅವರೇ’ ಅನ್ನುತ್ತಿದ್ದಳು. “ಎಮ್ರಿಸ್ ಅನ್ನಮ್ಮ, ಪ್ರೈಸ್ ಅಂದ್ರೆ ಇಲ್ಲಿ ಅರ್ಧ ಊರೇ ತಿರುಗಿ ನೋಡತ್ತೆ,” ಎಂದು ಅವನು ಹೇಳಿಕೊಟ್ಟರೂ ಬಿಡಲಿಲ್ಲ. ಆ ವರ್ಷ ಬಯಲಿಗೆ ಒಂದೇ ಜೋಡಿ ಉದ್ದಕೊಕ್ಕು ಬಂತು. ಮೊದಲ ಮೊಟ್ಟೆಗಳನ್ನು ಕಾಗೆ ಒಡೆಯಿತು. ಹಕ್ಕಿ ಮತ್ತೆ ಇಟ್ಟಿತು. ಹ್ಯಾರಿಯೆಟ್ ಮತ್ತು ಎಮ್ರಿಸ್ ಸೇರಿ ಗೂಡಿನ ಸುತ್ತ ಕರೆಂಟಿನ ತಂತಿ ಎಳೆದರು. ಜೂನ್ ನಡುವಿನಲ್ಲಿ ಮೂರು ಮರಿ ಆದವು. ಬಯಲಿನಲ್ಲಿ ಎಷ್ಟೋ ವರ್ಷದ ಮೇಲೆ ಮೊಟ್ಟೆ ಒಡೆದು ಮರಿ ಬಂದದ್ದು ಅದೇ ಮೊದಲು. ಎಮ್ರಿಸ್ ಅಂದು ನನ್ನ ವ್ಯಾನಿಗೆ ಅಡ್ಡ ನಿಂತು ಕಿಟಕಿಯೊಳಗೆ ತಲೆ ಹಾಕಿ, “ಮೂರು, ಮೆನ್ನ. ಹುಲ್ಲುಕಡ್ಡಿ ಮೇಲೆ ಹತ್ತಿ ಉಂಡೆ ಇಟ್ಟಂಗಿವೆ,” ಅಂದ. ಗಡ್ಡ ಬೋಳಿಸಿಕೊಂಡಿದ್ದ.

ಉದ್ದಕೊಕ್ಕಿನ ಮರಿ ಗೂಡಿನಲ್ಲಿ ಕೂರುವುದಿಲ್ಲ, ಹುಟ್ಟಿದ ಮರುದಿನವೇ ಹುಳ ಹುಡುಕಿಕೊಂಡು ನಡೆಯುತ್ತದೆ. ಮೇಲಿನ ಒರಟು ಹುಲ್ಲು ಅವಕ್ಕೆ ಕಾಡು. ಹಕ್ಕಿಗಳು ಮರಿಗಳನ್ನು ನಡೆಸಿಕೊಂಡು ಇಳಿಜಾರು ಇಳಿದು, ಗೋಡೆ ಕುಸಿದ ಜಾಗದಲ್ಲಿ ದಾಟಿ, ತೇವವೂ ಹುಳವೂ ಇದ್ದ ಹುಲ್ಲುಗಾವಲು ಸೇರಿಕೊಂಡವು. ಅದು ಟೂಡರ್‌ನದು. ಹಸುಗಳಿಗೆ ಚಳಿಗಾಲದ ಒಣಹುಲ್ಲು ಬರುತ್ತಿದ್ದದ್ದು ಆ ಒಂದೇ ಗಾವಲಿನಿಂದ.

ಜೂನ್ ಪೂರ್ತಿ ಮೋಡ. ಜುಲೈ ಮೊದಲ ವಾರ ರೇಡಿಯೋದಲ್ಲಿ ಬಿಸಿಲು ಬರುತ್ತದೆಂದು ಹೇಳಿದರು. ಅಂದೇ ಕಣಿವೆಯ ಟ್ರ್ಯಾಕ್ಟರುಗಳೆಲ್ಲ ಗುಡುಗಿದವು. ಟೂಡರ್ ತರಿಸಿದ್ದ ಹೊಸ ಅಲಗಿನ ಪಾರ್ಸೆಲ್ ಹಿಡಿದುಕೊಂಡು ನಾನು ತಿನ್ರೋಸ್ ಅಂಗಳಕ್ಕೆ ಹೋದಾಗ ಅವನು ಕೊಯ್ಯುವ ಯಂತ್ರವನ್ನು ಟ್ರ್ಯಾಕ್ಟರಿಗೆ ಕಟ್ಟಿ, ಅದರ ಕೆಳಗೆ ಬಗ್ಗಿ ಕೂತಿದ್ದ. ನೆಸ್ಟ್ ಬಟ್ಟೆ ಒಣಗಿಸುತ್ತಿದ್ದಳು. ನನ್ನ ಹಿಂದೆಯೇ ಎಮ್ರಿಸ್ ಬಂದು ಗೇಟಿನ ಆಚೆ ನಿಂತ.

“ನೆಸ್ಟ್, ಗೇಟ್ ಹತ್ರ ಯಾರೋ ನಿಂತಿದಾರೆ ನೋಡು,” ಅಂದ ಟೂಡರ್, ತಲೆಯೆತ್ತದೆ.

“ನಿಂಗೆ ಕಣ್ಣಿಲ್ವಾ? ನಿನ್ ತಮ್ಮ.”

“ಏನ್ ಬೇಕಂತೆ ಕೇಳು.”

“ಮಾತು ಹೊತ್ಕೊಂಡ್ ಓಡಾಡೋಕೆ ನಾನೇನು ಅಂಚೆಯವಳಾ? ಅಂಚೆಯವಳು ಇಲ್ಲೇ ಇದಾಳೆ, ಅವಳ ಕೈಲಿ ಕೇಳಿಸು.”

ಎಮ್ರಿಸ್ ತಾನೇ ಗೇಟು ತೆಗೆದು ಒಳಗೆ ಬಂದ.

“ಅಣ್ಣ, ನಿನ್ ಗಾವಲಲ್ಲಿ ಉದ್ದಕೊಕ್ಕಿನ ಮರಿ ಇವೆ.”

“ಗೊತ್ತು. ನಂಗೂ ಕಿವಿ ಇದೆ. ಬೆಳಗಾದ್ರೆ ಅವುಗಳ ಅಪ್ಪ ಬಡ್ಕೊಳ್ತಿರತ್ತೆ.”

“ಕೊಯ್ಬೇಡ.”

“ಎಲ್ಲೀವರೆಗೂ?”

“ಹಾರೋವರೆಗೂ. ಇನ್ನೊಂದು ಮೂರು ವಾರ ಆಗ್ಬೋದು.”

ಟೂಡರ್ ಯಂತ್ರದ ಕೆಳಗಿನಿಂದ ಹೊರಗೆ ಬಂದು ತಮ್ಮನನ್ನು ನೋಡಿದ. “ಮೂರು ವಾರ. ಇಂಥಾ ಬಿಸಿಲು ಈ ವರ್ಷ ಇನ್ನೊಂದ್ಸಲ ಬರತ್ತೆ ಅಂತ ನಿಮ್ ಸಂಘದವರು ಬರೆದು ಕೊಡ್ತಾರಾ?”

“ಇಲ್ಲ.”

“ಒಂದು ಅಂಚಿಂದ ನಿಧಾನಕ್ಕೆ ಕೊಯ್ತಾ ಬರ್ತೀನಿ. ಮರಿ ಇನ್ನೊಂದ್ ಕಡೆ ಓಡಿಹೋಗ್ಲಿ.”

“ಓಡಲ್ಲ ಅಣ್ಣ. ಸದ್ದಾದ್ರೆ ಕುಕ್ಕರಿಸಿ ಕೂತ್ಬಿಡ್ತವೆ. ಅಲಗು ಮೈಮೇಲೆ ಬಂದ್ರೂ ಏಳಲ್ಲ.”

ಟೂಡರ್ ಕೈಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡ. “ಮೇಲೆ ಬೇರೆ ಇಲ್ವಾ? ಇದೊಂದು ಸಂಸಾರ ಹೋದ್ರೆ ಏನ್ ಮುಳುಗಿಹೋಗತ್ತೆ?”

“ಬೇರೆ ಇಲ್ಲ. ಇದೊಂದೇ ಜೋಡಿ.”

“ಒಂದೇ?”

“ಹೂಂ.”

ನೆಸ್ಟ್ ಕೈಯಲ್ಲಿದ್ದ ಬಟ್ಟೆಯನ್ನು ತಂತಿಗೆ ಹಾಕದೆ ಹಾಗೇ ಹಿಡಿದು ನಿಂತಳು. ಟೂಡರ್ ಬಯಲಿನ ಕಡೆ ತಿರುಗಿ ನೋಡಿದ. ಆಮೇಲೆ ಕೇಳಿದ ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ.

“ಮತ್ತೆ ಇಷ್ಟು ವರ್ಷ ಮೇಲೆ ಏನ್ ಮಾಡ್ತಿದ್ದೆಯೋ?”

ಎಮ್ರಿಸ್‌ನ ಕತ್ತು, ಕಿವಿ ಎಲ್ಲ ಕೆಂಪಾಗಿತ್ತು. ಆ ಹೊತ್ತಿನಲ್ಲಿ ಅವನ ಮುಖ ನೋಡುವುದು ನನಗೆ ಕಷ್ಟವಾಯಿತು.

“ಬಾ,” ಅಂದ ಟೂಡರ್. “ಈ ಯಂತ್ರ ಬಿಚ್ಚೋಕೆ ಒಂದ್ ಕೈ ಕೊಡು. ನಂಗೊಬ್ನಿಗೇ ಆಗಲ್ಲ.”

ಬಿಸಿಲು ರೇಡಿಯೋದವರು ಹೇಳಿದ ಹಾಗೇ ಬಂತು, ಹೇಳಿದ್ದಕ್ಕಿಂತ ಒಂದು ದಿನ ಹೆಚ್ಚೇ ಇತ್ತು. ಕಣಿವೆಯೆಲ್ಲ ಒಣಹುಲ್ಲಿನ ವಾಸನೆ. ಟೂಡರ್‌ನ ಗಾವಲೊಂದು ಸೊಂಟದೆತ್ತರ ಹಸಿರಾಗಿ ನಿಂತಿತ್ತು. ಚಾಪೆಲ್ ಬಾಗಿಲಲ್ಲಿ ಕಟುಕ ಬೆವನ್ ಅವನನ್ನು ಬಿಡಲಿಲ್ಲ.

“ಏನ್ ಟೂಡರ್, ಈ ಚಳಿಗಾಲಕ್ಕೆ ಹಸುಗೆ ಹಕ್ಕಿ ಹಾಕ್ತೀಯಂತೆ?”

“ನಿನ್ ಹುಲ್ಲು ಹಾಕಿದ್ರೆ ನಿನ್ನಂಗೇ ಆಗ್ಬಿಡ್ತವೆ ಅಂತ ಭಯ ಕಣೋ,” ಅಂದ ಟೂಡರ್.

ಸಂಜೆ ಹೊತ್ತು ಅಣ್ಣತಮ್ಮ ಇಬ್ಬರೂ ಗಾವಲಿನ ಗೇಟಿಗೆ ಮೊಣಕೈ ಊರಿ ನಿಂತಿರುತ್ತಿದ್ದರು. ಮಧ್ಯೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು. ಒಮ್ಮೆ ನಾನೂ ಹೋಗಿ ಆ ಜಾಗದಲ್ಲಿ ನಿಂತೆ.

“ಎರಡೇ ಕಾಣ್ತವೆ,” ಅಂದ ಟೂಡರ್.

“ಮೂರನೇದು ಆ ಕೆಂಪು ಸೊಪ್ಪಿನ ಹಿಂದೆ,” ಅಂದ ಎಮ್ರಿಸ್.

“ಎಲ್ಲಿ? ಹಾಂ. ಅದು ಸೋಮಾರಿ. ನಿನ್ನ ಹಂಗೆ.”

ಎಮ್ರಿಸ್ ನಕ್ಕ. ನೆಸ್ಟ್ ಆಮೇಲೆ ಹೇಳಿದಳು: ಟೂಡರ್ ಬೆಳಿಗ್ಗೆ ಹಾಲು ಕರೆಯುವ ಮೊದಲೇ ಗೇಟಿನ ಹತ್ತಿರ ಹೋಗಿ ಬಂದು, ‘ಮೂರೂ ಇವೆ’ ಎಂದು ಅವಳಿಗೆ ಹೇಳುತ್ತಿದ್ದನಂತೆ, ಅವಳು ಕೇಳದಿದ್ದರೂ.

ಆಮೇಲೆ ಮಳೆ ಹಿಡಿಯಿತು. ಪಶ್ಚಿಮದಿಂದ ಬಂದ ಮಳೆ, ಜೊತೆಗೆ ಮಾರ್ಚಿನಂಥ ಚಳಿ. ಒಂದು ವಾರ ಬಿಡಲಿಲ್ಲ. ಎರಡನೇ ವಾರವೂ ಬಿಡಲಿಲ್ಲ. ಗಾವಲಿನ ಹುಲ್ಲು ಮಲಗಿ, ಸುರುಳಿ ಸುತ್ತಿ, ಬುಡದಲ್ಲಿ ಹಳದಿಯಾಯಿತು. ಆ ಮಳೆಯಲ್ಲಿ ಬೆಚ್ಚಗಿರಲು ಮರಿಗಳು ತಾಯಿಯ ಹೊಟ್ಟೆಯ ಕೆಳಗೆ ಹಿಡಿಸದಷ್ಟು ದೊಡ್ಡವಾಗಿದ್ದವು, ಆದರೆ ಮೈಮೇಲೆ ಇನ್ನೂ ಸರಿಯಾಗಿ ಗರಿ ಬಂದಿರಲಿಲ್ಲ. ಹ್ಯಾರಿಯೆಟ್ ಎರಡು ಸಲ ಬಂದಳು. ಮರಿ ಹಿಡಿದು ಒಳಗೆ ಸಾಕಬಹುದೇ ಎಂದು ಯಾರು ಯಾರಿಗೋ ಫೋನು ಮಾಡಿದಳು. ಆ ಮಲಗಿದ ಹುಲ್ಲಿನಲ್ಲಿ ಅವಳು, ಎಮ್ರಿಸ್ ಇಬ್ಬರೂ ಅರ್ಧ ದಿನ ಹುಡುಕಿದರೂ ಒಂದೂ ಕೈಗೆ ಸಿಗಲಿಲ್ಲ.

ಒಂದು ಬೆಳಿಗ್ಗೆ ತಿನ್ರೋಸ್ ತಿರುವಿನಲ್ಲಿ ಟೂಡರ್ ಕೈ ಅಡ್ಡ ಹಿಡಿದು ನನ್ನ ವ್ಯಾನು ನಿಲ್ಲಿಸಿದ. ಬರಿತಲೆಯಲ್ಲಿ ನೆಂದುಹೋಗಿದ್ದ. ಟೋಪಿಯನ್ನು ಬಟ್ಟಲಿನ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದ.

“ಮೇಲಿನ ಮನೆಗೆ ಬಿಡು ಮೆನ್ನ.”

ಅಂಚೆ ವ್ಯಾನಿನಲ್ಲಿ ಬೇರೆಯವರನ್ನು ಕೂರಿಸುವಂತಿಲ್ಲ. ಕೂರಿಸಿಕೊಂಡೆ. ಟೋಪಿಯ ಅಂಚಿನಿಂದ ನೀಲಿಬೂದಿ ಬಣ್ಣದ ಉದ್ದ ಕಾಲೊಂದು ಇಣುಕುತ್ತಿತ್ತು. ತಮ್ಮನ ಮನೆಗೆ ಅವನು ಹೋಗುತ್ತಿದ್ದದ್ದು ಅದೇ ಮೊದಲ ಸಲ. ಬಾಗಿಲು ಎಲ್ಲಿದೆಯೆಂದು ಗೊತ್ತಾಗದೆ ಮನೆಯ ಹಿಂಭಾಗಕ್ಕೆ ಹೋದ. ನಾನು ಕರೆದು ತೋರಿಸಿದೆ.

ಎಮ್ರಿಸ್ ಬಾಗಿಲು ತೆಗೆದು, ಅಣ್ಣನನ್ನೂ ಟೋಪಿಯನ್ನೂ ನೋಡಿದ.

“ಎರಡು,” ಅಂದ ಟೂಡರ್. “ಗೋಡೆ ಬುಡದಲ್ಲಿ ಸಿಕ್ಕಿದ್ವು. ಒಂದಕ್ಕೊಂದು ಅಂಟ್ಕೊಂಡು ಕೂತಿದ್ವು. ಮಲಗಿದಾವೆ ಅಂದ್ಕೊಂಡೆ.”

ಎಮ್ರಿಸ್ ಒಂದನ್ನು ಎತ್ತಿ ಎದೆಯ ಮೇಲೆ ಹೆಬ್ಬೆರಳು ಒತ್ತಿದ. “ಬರೀ ಮೂಳೆ. ಮಳೇಲಿ ಹುಳ ಸಿಕ್ಕಿಲ್ಲ ಇವಕ್ಕೆ.”

“ಇನ್ನೊಂದು ಎಲ್ಲಾದ್ರೂ ಇರ್ಬೋದು. ಆ ಸೋಮಾರಿದು.”

“ಇಲ್ಲ ಅಣ್ಣ. ನಿನ್ನೆ ನರಿ ದಾರೀಲಿ ಅದರ ರೆಕ್ಕೆ ಸಿಕ್ತು.”

ಟೂಡರ್ ಬಾಗಿಲ ಚೌಕಟ್ಟಿಗೆ ಕೈ ಊರಿದ. “ಹಂಗಾದ್ರೆ ಬಿಸಿಲಲ್ಲಿ ನಾನು ಕೊಯ್ದಿದ್ರೂ ಇದೇ ಆಗ್ತಿತ್ತು.”

ಇಲ್ಲ ಎನ್ನಬಹುದಿತ್ತು ಎಮ್ರಿಸ್. ನಾನಾಗಿದ್ದರೆ ಇಲ್ಲ ಎನ್ನುತ್ತಿದ್ದೆ. ನೀನು ಕಾಯ್ದದ್ದರಿಂದ ಇಷ್ಟು ದಿನವಾದರೂ ಬದುಕಿದವು ಎಂದೋ ಏನೋ ಹೇಳುತ್ತಿದ್ದೆ.

“ಹೂಂ ಅಣ್ಣ,” ಅಂದ. “ಇದೇ ಆಗ್ತಿತ್ತು.”

ಟೂಡರ್ ಕೂಗಾಡುತ್ತಾನೆಂದು ನಾನು ಕಾದೆ. ಅವನು ಖಾಲಿ ಟೋಪಿಯನ್ನು ಹಿಂಡಿ, ತಲೆಗೆ ಹಾಕಿಕೊಂಡು, “ನಡಿ ಮೆನ್ನ, ನಿನ್ ಅಂಚೆ ತಡ ಆಗತ್ತೆ,” ಅಂದ. ತಾಯಿಹಕ್ಕಿ ಆಗಲೇ ಹೊರಟುಹೋಗಿತ್ತು. ಗಂಡುಹಕ್ಕಿ ಇನ್ನೆರಡು ದಿನ ಗಾವಲಿನ ಮೇಲೆ ಸುತ್ತಿ ಕೂಗಿ, ಅದೂ ಸಮುದ್ರದ ಕಡೆಗೆ ಹೋಯಿತು.

ಗಾವಲನ್ನು ಆಗಸ್ಟ್ ಕೊನೆಯಲ್ಲಿ ಕೊಯ್ದರು. ಕಪ್ಪಾಗಿ, ಮುಟ್ಟಿದರೆ ಬೂಷ್ಟಿನ ಧೂಳೇಳುವ ಹುಲ್ಲು. ಹಸುಗಳು ಮೂಸಿ ನೋಡಿ ಮುಖ ತಿರುಗಿಸಿದವು. ಹ್ಯಾರಿಯೆಟ್ ಎಲ್ಲಿಂದಲೋ ಒಂದು ಟ್ರೈಲರ್ ಒಣಹುಲ್ಲು ಕಳಿಸಿದಳು. ನವೆಂಬರಿಗೆ ಅದು ಮುಗಿಯಿತು. ಕೊಳ್ಳೋಣವೆಂದರೆ ಆ ವರ್ಷ ಯಾರ ಕೊಟ್ಟಿಗೆಯಲ್ಲೂ ಮಾರುವಷ್ಟಿರಲಿಲ್ಲ. ಟೂಡರ್ ಹಸುಗಳನ್ನು ಮಾರಿದ. ಅವನಿಗೂ ವಯಸ್ಸಾಗಿತ್ತು, ಇನ್ನೊಂದೆರಡು ವರ್ಷದಲ್ಲಿ ಹೇಗೂ ಮಾರುತ್ತಿದ್ದನೇನೋ ಎಂದು ಊರವರು ಅಂದರು. ಲಾರಿ ಬಂದ ದಿನ ಎಮ್ರಿಸ್ ಕರೆಯದೆಯೇ ಬಂದು, ಹಸುಗಳ ಬೆನ್ನಿಗೆ ಭುಜ ಕೊಟ್ಟು ಹತ್ತಿಸಿದ. ಲಾರಿ ಹೋದ ಮೇಲೆ ಇಬ್ಬರೂ ಖಾಲಿ ಕೊಟ್ಟಿಗೆಯನ್ನು ತೊಳೆದರು. ತೊಳೆಯುವ ಅಗತ್ಯವೇನೂ ಇರಲಿಲ್ಲ.

“ಅವನು ಒಂದ್ಸಲ ಬೈದಿದ್ರೆ ಚೆನ್ನಾಗಿತ್ತು,” ಎಂದು ಎಮ್ರಿಸ್ ನನಗೆ ಆ ಚಳಿಗಾಲದಲ್ಲಿ ಹೇಳಿದ. “ಮೊದಲು ಬೈತಿದ್ದ. ಈಗ ಟೀ ಕೊಡ್ತಾನೆ.”

ಮಾರ್ಚಿನಲ್ಲಿ ಒಂದು ಗಂಡುಹಕ್ಕಿ ಬಂತು. ಏಪ್ರಿಲ್ ಪೂರ್ತಿ ಬಯಲಿನ ಮೇಲೆ ಏರುತ್ತಾ ಜಾರುತ್ತಾ ಕೂಗಿತು. ಉತ್ತರ ಕೊಡಲು ಇನ್ನೊಂದು ಬರಲಿಲ್ಲ. ಮೇ ತಿಂಗಳ ಒಂದು ದಿನ ಅದೂ ಇರಲಿಲ್ಲ. ಅದೇ ತಿಂಗಳು ಹ್ಯಾರಿಯೆಟ್ ಕಾವಲುಮನೆಗೆ ಬಂದು, ಇನ್ನೂ ಹಕ್ಕಿ ಉಳಿದಿರುವ ಬೇರೆ ಬಯಲುಗಳ ಮೇಲೆ ಗಮನ ಕೊಡಬೇಕೆಂದು ಸಂಘ ತೀರ್ಮಾನಿಸಿದೆ, ವೈನ್ ಗೋಖ್‌ಗೆ ಇನ್ನು ಕಾವಲುಗಾರ ಇರುವುದಿಲ್ಲ ಎಂದು ಹೇಳಿದಳು. ಹೇಳುವಾಗ ಅತ್ತುಬಿಟ್ಟಳಂತೆ.

“ಅಳ್ಬೇಡಮ್ಮ,” ಅಂದನಂತೆ ಎಮ್ರಿಸ್. “ಸರಿಯಾಗೇ ಮಾಡಿದಾರೆ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ.”

ಕಾವಲುಮನೆ ರಜೆಗೆ ಬರುವವರಿಗೆ ಬಾಡಿಗೆಗೆ ಹೋಯಿತು. ತಿನ್ರೋಸ್‌ಗೆ ಬಂದಿರು ಎಂದು ಟೂಡರ್ ಕರೆದ. ನೆಸ್ಟ್ ಮೇಲಿನ ಕೋಣೆಗೆ ಸುಣ್ಣ ಹೊಡೆಸಿ ಪರದೆ ಹಾಕಿದಳು. ಎಮ್ರಿಸ್ ಹೋಗಲಿಲ್ಲ. ಪೇಟೆಯಲ್ಲಿ ಟೈರ್ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದ. ನೆಸ್ಟ್‌ಗೆ ಬೇಜಾರಾಯಿತು.

“ನಮ್ಮನೇಲಿ ಇರೋಕೆ ನಿಂಗೇನಪ್ಪ ಕಷ್ಟ? ಜಗಳ ಮುಗೀತಲ್ಲ,” ಅಂದಳು.

“ಜಗಳ ಅಲ್ಲ ಅತ್ತಿಗೆ. ಆ ಕೋಣೆ ಕಿಟಕಿಯಿಂದ ಬಯಲು ಕಾಣತ್ತೆ.”

ಟೈರ್ ಅಂಗಡಿಯ ಮೇಲಿನ ಕಿಟಕಿಯಿಂದ ಕಾಣುವುದು ಬಸ್ ನಿಲ್ಲಿಸುವ ಜಾಗ ಮತ್ತು ಬ್ಯಾಂಕಿನ ಹಿಂಗೋಡೆ. ಸಂತೆಯ ದಿನ ಟೂಡರ್ ಮೆಟ್ಟಿಲು ಹತ್ತಿ ಹೋಗಿ ಒಂದೆರಡು ಗಂಟೆ ಕೂತು ಬರುತ್ತಾನೆ. ಏನು ಮಾತಾಡುತ್ತೀರಿ ಎಂದು ನಾನೊಮ್ಮೆ ಕೇಳಿದ್ದೆ. “ಕೆಳಗೆ ಟೈರ್ ಬಿಚ್ಚೋ ಸದ್ದು ಕೇಳ್ತೀವಿ,” ಅಂದ.

ಈ ವಸಂತದಲ್ಲಿ, ಬಟಾಣಿ ಬೀಜ ಕೊಳ್ಳಲು ಪೇಟೆಗೆ ಹೋದವಳು ನಾನೂ ಮೆಟ್ಟಿಲು ಹತ್ತಿದೆ. ಎಮ್ರಿಸ್ ಸಾರಿಗೆ ಆಲೂಗಡ್ಡೆ ಹೆಚ್ಚುತ್ತಿದ್ದ. ತೂಕ ಇಳಿದಿತ್ತು. ಕುರ್ಚಿಯ ಮೇಲಿನ ಬಟ್ಟೆ ತೆಗೆದು ನನಗೆ ಜಾಗ ಮಾಡಿದ. ನೆಸ್ಟ್‌ಳ ಮಂಡಿನೋವು, ಚಾಪೆಲ್ಲಿನ ಸೋರುವ ಮಾಡು, ಅದು ಇದು ಮಾತಾಡಿದೆವು. ನಾನು ಏಳುವ ಹೊತ್ತಿಗೆ ಅವನು ಚಾಕು ಕೆಳಗಿಟ್ಟು ಕೇಳಿದ.

“ಈ ಸಲ ಏನಾದ್ರೂ ಕೇಳಿಸ್ತಾ, ಮೆನ್ನ?”

ನನ್ನ ಮನೆ ಬಯಲಿನ ಬುಡಕ್ಕೇ ಇದೆ. ಮಾರ್ಚಿಡೀ ನಾನು ಬೆಳಿಗ್ಗೆ ಕಿಟಕಿ ತೆರೆದಿಟ್ಟಿದ್ದೆ.

“ಇಲ್ಲ.”

“ಒಂದೂ?”

“ಒಂದೂ ಇಲ್ಲ ಎಮ್ರಿಸ್.”

ಅವನು ತಲೆಯಾಡಿಸಿ, ಹೆಚ್ಚಿದ ಆಲೂಗಡ್ಡೆಯನ್ನು ಪಾತ್ರೆಗೆ ಸುರಿದ. ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. ಅವನು ಒಲೆ ಹಚ್ಚಿ, ಮುಚ್ಚಳ ಹುಡುಕಿ ಮುಚ್ಚಿ, ನನ್ನನ್ನು ಬಸ್ಸಿನವರೆಗೆ ಬಿಟ್ಟು ಬರಲು ಕೋಟು ಹಾಕಿಕೊಂಡ.